ಸೋಲ್ ಸಂಗೀತಕ್ಕೂ ಅದರ ಟಿ.ವಿ. ನೃತ್ಯಕ್ಕೂ ಮನೆಯಲ್ಲಿ ಒಂದು ಸಂಜೆ: ಏರ್ಪಡಿಸುವ ಬಗೆ

ಅಮೆರಿಕದ ಕಪ್ಪು ಜನರ ಚರ್ಚಿನ ಹಾಡುಗಾರಿಕೆಯಿಂದ ಬೆಳೆದ, 1960 ಮತ್ತು 70ರ ದಶಕಗಳ ಸೋಲ್ ಸಂಗೀತವನ್ನು ಪ್ರೀತಿಸುವವರು ಮೈಸೂರು, ಮಂಡ್ಯದಲ್ಲಿ ನಾವು ಎಣಿಸುವುದಕ್ಕಿಂತ ಹೆಚ್ಚಾಗಿಯೇ ಇದ್ದಾರೆ. ಕೆಲವರು ಅದನ್ನು ಶಾರ್ಟ್ ವೇವ್ ರೇಡಿಯೊದಲ್ಲಿ ಕೇಳಿದವರು, ಕೆಲವರು ಹಾಸ್ಟೆಲಿನ ಟೇಪ್ ರೆಕಾರ್ಡರಿನಲ್ಲಿ ಕ್ಯಾಸೆಟ್ ಸವೆಯುವವರೆಗೆ ಕೇಳಿದವರು, ಇನ್ನು ಕೆಲವರು ಈಚೆಗೆ ಮೊಬೈಲಿನಲ್ಲಿ ‘ಸೋಲ್ ಟ್ರೇನ್’ ಎಂಬ ಅಮೆರಿಕದ ಟಿ.ವಿ. ನೃತ್ಯ ಕಾರ್ಯಕ್ರಮದ ತುಣುಕುಗಳನ್ನು ನೋಡಿ ಮರುಳಾದ ಕಾಲೇಜಿನ ಮಕ್ಕಳು. ಹಿರಿಯರಿಗೆ ಅದು ತಮ್ಮದೇ ಪ್ರಾಯದ ನೆನಪು, ಕಿರಿಯರಿಗೆ ತಾವು ಕಾಣದ ಕಾಲದ ಮೇಲಿನ ಹಂಬಲ. ಈ ಇಬ್ಬರನ್ನೂ ಒಂದೇ ಹಜಾರದಲ್ಲಿ ಕೂರಿಸಿ, ಒಟ್ಟಿಗೆ ಕೇಳಿಸಿ, ಆಮೇಲೆ ಕುಣಿಸುವುದು ಹೇಗೆಂಬುದನ್ನು ಇಲ್ಲಿ ವಿವರಿಸುತ್ತೇನೆ. ಈ ಸಂಗೀತಕ್ಕೆ ಎದುರಿಗೆ ಜನ ಬೇಕೇ ಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಹಾಡುವವರಿಗೆ ಉತ್ತರ ಕೊಡುವವರು ಬೇಕು, ಕುಣಿಯುವವರಿಗೆ ಎರಡೂ ಬದಿಯಲ್ಲಿ ನಿಂತು ಹುರಿದುಂಬಿಸುವವರು ಬೇಕು. ಮುಂದೆ ಹೇಳುವ ಏರ್ಪಾಟುಗಳೆಲ್ಲ ಈ ಅಗತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು.

ಮೊದಲು ತಿಳಿದಿರಬೇಕಾದ ಹಿನ್ನೆಲೆ

ಸಂಜೆಯನ್ನು ನಡೆಸುವವರಿಗೆ ಆ ಟಿ.ವಿ. ಕಾರ್ಯಕ್ರಮದ ಕತೆ ಸ್ವಲ್ಪವಾದರೂ ಗೊತ್ತಿರಬೇಕು. ಇಲ್ಲವಾದರೆ ಎಲ್ಲವೂ ಬೆಲ್ ಬಾಟಮ್ ಪ್ಯಾಂಟಿನ ಪ್ರದರ್ಶನವಾಗಿ ಮುಗಿದುಹೋಗುತ್ತದೆ. ‘ಸೋಲ್ ಟ್ರೇನ್’ 1970ರ ಆಗಸ್ಟ್ 17ರಂದು ಷಿಕಾಗೊ ನಗರದ ಒಂದು ಸ್ಥಳೀಯ ವಾಹಿನಿಯಲ್ಲಿ ಕಪ್ಪು-ಬಿಳುಪಿನಲ್ಲಿ ಆರಂಭವಾಯಿತು. ಅದನ್ನು ರೂಪಿಸಿ, ನಿರ್ಮಿಸಿ, ತಾವೇ ನಿರೂಪಿಸಿದ ಡಾನ್ ಕಾರ್ನೀಲಿಯಸ್ ಅದಕ್ಕೆ ಮೊದಲು ರೇಡಿಯೊ ಸುದ್ದಿ ವಿಭಾಗದಲ್ಲಿದ್ದವರು. 1971ರ ಅಕ್ಟೋಬರಿನಿಂದ ಕಾರ್ಯಕ್ರಮ ಲಾಸ್ ಏಂಜಲಿಸ್‌ನಲ್ಲಿ ತಯಾರಾಗಿ ಬೇರೆ ಬೇರೆ ನಗರಗಳ ವಾಹಿನಿಗಳಿಗೆ ಹಂಚಿಕೆಯಾಗತೊಡಗಿತು, 2006ರವರೆಗೂ ನಡೆಯಿತು. ಅದಕ್ಕೂ ಹಿಂದೆ, 1957ರಿಂದಲೇ, ‘ಅಮೆರಿಕನ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ನೃತ್ಯ ಕಾರ್ಯಕ್ರಮ ಫಿಲಡೆಲ್ಫಿಯಾದಿಂದ ಇಡೀ ದೇಶಕ್ಕೆ ಪ್ರಸಾರವಾಗುತ್ತಿತ್ತು. ಆದರೆ ಅದರ ಆರಂಭದ ವರ್ಷಗಳಲ್ಲಿ ಕಪ್ಪು ಹುಡುಗ ಹುಡುಗಿಯರಿಗೆ ಆ ಸ್ಟುಡಿಯೊದಲ್ಲಿ ಕುಣಿಯಲು ಜಾಗ ಸಿಗುತ್ತಿದ್ದುದು ಅಪರೂಪ. ಅಲ್ಲಿ ನುಡಿಯುತ್ತಿದ್ದ ಎಷ್ಟೋ ಹಾಡುಗಳು ಮಾತ್ರ ಅವರ ಜನರವೇ ಆಗಿದ್ದವು. ‘ಸೋಲ್ ಟ್ರೇನ್’ ಆ ಅನ್ಯಾಯಕ್ಕೆ ಉತ್ತರವಾಗಿ ಬಂತು. ನಿರೂಪಕರು ಕಪ್ಪು ಜನ, ನರ್ತಕರು ಕಪ್ಪು ಜನ, ಜಾಹೀರಾತು ಕೊಟ್ಟು ಅದಕ್ಕೆ ಆಸರೆಯಾದ ಷಿಕಾಗೊದ ಜಾನ್ಸನ್ ಪ್ರಾಡಕ್ಟ್ಸ್ ಕೂಡ ಕಪ್ಪು ಜನರ ಒಡೆತನದ, ಅವರ ಕೂದಲಿನ ಆರೈಕೆಯ ಸಾಮಗ್ರಿ ತಯಾರಿಸುತ್ತಿದ್ದ ಕಂಪನಿ. ಶನಿವಾರ ಟಿ.ವಿ. ಹಾಕಿದರೆ ತಮ್ಮಂಥವರೇ ಚೆಲುವಾಗಿ, ಹೆಮ್ಮೆಯಿಂದ ಕುಣಿಯುವುದು ಕಾಣುತ್ತಿತ್ತೆಂಬುದು ಅಲ್ಲಿನ ಮಕ್ಕಳಿಗೆ ಎಷ್ಟು ದೊಡ್ಡ ಸಂಗತಿಯಾಗಿತ್ತು ಎಂಬುದನ್ನು ಅತಿಥಿಗಳಿಗೆ ಎರಡು ಮಾತಿನಲ್ಲಾದರೂ ಹೇಳಿಬಿಡಿ. ಆ ಕಾಲಕ್ಕೆ ನಮ್ಮ ಊರುಗಳ ಮನೆಗಳಲ್ಲಿ ಟಿ.ವಿ.ಯೇ ಇರಲಿಲ್ಲವೆಂಬುದನ್ನೂ ಕಿರಿಯರಿಗೆ ನೆನಪಿಸಬೇಕು.

ಹಾಡುಗಳ ಆಯ್ಕೆ

ಎರಡೂವರೆ ಗಂಟೆಯ ಸಂಜೆಗೆ ಹದಿನೈದು ಹದಿನಾರು ಹಾಡುಗಳು ಧಾರಾಳವಾಗಿ ಸಾಕು. ಮೊದಲ ಆರನ್ನು ಕುಳಿತು ಕೇಳುವುದಕ್ಕೆ ಮೀಸಲಿಡಿ, ಉಳಿದವು ಕುಣಿಯುವುದಕ್ಕೆ. ಆ್ಯಪ್ ತಾನಾಗಿ ಜೋಡಿಸಿಕೊಡುವ ಪಟ್ಟಿಯನ್ನು ನಂಬಬೇಡಿ. ಅದು ಎಲ್ಲವನ್ನೂ ಒಂದೇ ಹದಕ್ಕೆ ತಂದು, ಊರಿಂದ ಊರಿಗೆ ಈ ಸಂಗೀತ ಹೇಗೆ ಬೇರೆಯಾಗುತ್ತದೆ ಎಂಬುದನ್ನೇ ಮರೆಸುತ್ತದೆ. ನಾನು ಆಯ್ಕೆಯನ್ನು ಊರುಗಳ ಮೇಲೆ ಮಾಡುತ್ತೇನೆ: ಡೆಟ್ರಾಯಿಟ್, ಮೆಂಫಿಸ್, ಫಿಲಡೆಲ್ಫಿಯಾ.

ಡೆಟ್ರಾಯಿಟ್‌ನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿನ ಹಾಡುಗಳು ಹೊಸ ಕಿವಿಗೂ ಬೇಗ ಒಗ್ಗುತ್ತವೆ. ಬೆರಿ ಗಾರ್ಡಿ 1959ರಲ್ಲಿ ತಮ್ಮ ಕುಟುಂಬದವರಿಂದ 800 ಡಾಲರ್ ಸಾಲ ಪಡೆದು ಕಟ್ಟಿದ ಮೋಟೌನ್ ಸಂಸ್ಥೆಗೆ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್ ರಸ್ತೆಯ ಒಂದು ವಾಸದ ಮನೆಯೇ ಸ್ಟುಡಿಯೊ ಆಗಿತ್ತು. ಮೊದಲ ಹಾಡಾಗಿ ಟೆಂಪ್ಟೇಷನ್ಸ್ ತಂಡದ 1964ರ ‘ಮೈ ಗರ್ಲ್’ ಹಾಕಿ, ಆರಂಭದ ಹತ್ತಿಪ್ಪತ್ತು ಸೆಕೆಂಡುಗಳನ್ನು ಮಾತ್ರ ಎರಡು ಸಲ ಕೇಳಿಸಿ. ಮೊದಲು ಬಾಸ್ ಗಿಟಾರ್ ಒಂದೇ ಬರುತ್ತದೆ. ಅದನ್ನು ನುಡಿಸುತ್ತಿರುವ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ತಂತಿ ಮೀಟುತ್ತಿದ್ದವರು. ಅದರ ಮೇಲೆ ಇನ್ನೊಂದು ಗಿಟಾರ್ ಕೆಳಗಿನಿಂದ ಮೇಲಕ್ಕೆ ಆರು ಸ್ವರಗಳನ್ನು ಹತ್ತುತ್ತದೆ. ಆ ಸ್ವರಗಳನ್ನು ಬಾಯಲ್ಲಿ ಹೇಳಿನೋಡಿ: ಸ, ರಿ, ಗ, ಪ, ದ, ಮೇಲಿನ ಸ. ಅದು ನಮ್ಮ ಮೋಹನ ರಾಗದ ಆರೋಹಣವೇ ಹೌದು. ಸಂಗೀತ ಪಾಠಕ್ಕೆ ಹೋಗುವ ಹುಡುಗಿಯೊಬ್ಬಳು ಮನೆಯಲ್ಲಿದ್ದರೆ ಅವಳಿಂದಲೇ ಹಾಡಿಸಿ, ಆಮೇಲೆ ಮುದ್ರಿಕೆಯನ್ನು ಮತ್ತೆ ಹಾಕಿ. ಅಲ್ಲಿಂದ ಮುಂದೆ ಇದು ಪರದೇಶದ ಸಂಗೀತ, ನಮಗೆ ಅರ್ಥವಾಗದು ಎಂದು ಯಾರೂ ಹೇಳುವುದಿಲ್ಲ.

ಮೆಂಫಿಸ್ ಬೇರೆ ರುಚಿ. ಅಲ್ಲಿನ ಸ್ಟ್ಯಾಕ್ಸ್ ಸಂಸ್ಥೆ ಒಂದು ಹಳೆಯ ಸಿನಿಮಾ ಥಿಯೇಟರನ್ನು ಸ್ಟುಡಿಯೊ ಮಾಡಿಕೊಂಡಿತ್ತು. ಪ್ರೇಕ್ಷಕರು ಕೂರುವ ಇಳಿಜಾರು ನೆಲವನ್ನು ಹಾಗೆಯೇ ಬಿಟ್ಟಿದ್ದರಿಂದ ಆ ಕೋಣೆಯ ನಾದಕ್ಕೊಂದು ಘನತೆ ಬಂತು. ಅಲ್ಲಿ ಕಹಳೆ ಊದುತ್ತಿದ್ದ ವೇಯ್ನ್ ಜಾಕ್ಸನ್ ಮತ್ತು ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಆ್ಯಂಡ್ರೂ ಲವ್ ಅವರ ಜೋಡಿಯನ್ನು ಗಮನವಿಟ್ಟು ಕೇಳಬೇಕು. ಹಾಡುಗಾರ ಒಂದು ಸಾಲು ಮುಗಿಸಿದೊಡನೆ ಅವರು ಚಿಕ್ಕದಾಗಿ, ಬಿರುಸಾಗಿ ಉತ್ತರ ಕೊಡುತ್ತಾರೆ. ದಸರೆಯಲ್ಲಿ ಅರಮನೆಯ ಆವರಣದ ಪೊಲೀಸ್ ಬ್ಯಾಂಡ್ ಕೇಳಿ ಬೆಳೆದ ಮೈಸೂರಿನವರಿಗೆ ಈ ವಾದ್ಯಗಳು ಹೊಸವಲ್ಲ. ಕದ್ರಿ ಗೋಪಾಲನಾಥರು ಸ್ಯಾಕ್ಸೊಫೋನಿಗೆ ಮನಸೋತದ್ದೂ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕೇಳಿಯೇ.

ಇಲ್ಲಿ ಎರಡು ಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಹಾಕಲೇಬೇಕು. ‘ರೆಸ್ಪೆಕ್ಟ್’ ಹಾಡನ್ನು ಓಟಿಸ್ ರೆಡಿಂಗ್ ಬರೆದು 1965ರಲ್ಲಿ ತಾವೇ ಹಾಡಿದರು. 1967ರಲ್ಲಿ ಅರೀತಾ ಫ್ರ್ಯಾಂಕ್ಲಿನ್ ಅದನ್ನು ಹಾಡಿದರು. ದುಡಿದು ಮನೆಗೆ ಬಂದ ಗಂಡಸು ಮರ್ಯಾದೆ ಬೇಡುವ ಹಾಡು ಅರೀತಾ ಅವರ ಬಾಯಲ್ಲಿ ಹೆಂಗಸು ತನ್ನ ಮರ್ಯಾದೆಯನ್ನು ಹಕ್ಕಿನಿಂದ ಕೇಳುವ ಹಾಡಾಯಿತು. ಆ ಪದವನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿ ಹೇಳುವ ಭಾಗ ಮೊದಲ ಮುದ್ರಿಕೆಯಲ್ಲಿ ಇಲ್ಲ, ಎರಡನೆಯದರಲ್ಲಿ ಬಂದದ್ದು. ಹಿಂದಿನಿಂದ ದನಿಗೂಡಿಸುತ್ತಿರುವವರು ಅವರ ಅಕ್ಕ ಅರ್ಮಾ ಮತ್ತು ತಂಗಿ ಕ್ಯಾರೊಲಿನ್. ಅರೀತಾ ಅವರ ತಂದೆ ಡೆಟ್ರಾಯಿಟ್‌ನ ಚರ್ಚೊಂದರ ಹೆಸರಾಂತ ಬೋಧಕರಾಗಿದ್ದರು, ಈ ಮೂವರೂ ಹಾಡು ಕಲಿತದ್ದು ಆ ಆವರಣದಲ್ಲಿ. ನಮ್ಮ ಸೀಮೆಯ ನೀಲಗಾರರು ಮಂಟೇಸ್ವಾಮಿ ಕಾವ್ಯ ಹಾಡುವಾಗ ಮುಂದಿನವರು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ಹಿಡಿದು, ತಿರುಗಿ ಅವರ ಕೈಗೇ ಕೊಡುವ ಹಾಗೆ, ಇಲ್ಲಿಯೂ ಹಾಡನ್ನು ಎತ್ತಿಹಿಡಿದಿರುವುದು ಹಿಮ್ಮೇಳ. ಆದ್ದರಿಂದ ಮುದ್ರಿಕೆ ಎರಡನೆಯ ಸಲ ನುಡಿಯುವಾಗ ಕೋಣೆಯನ್ನು ಎರಡು ಭಾಗ ಮಾಡಿ, ಬಲಗಡೆಯವರು ಅರೀತಾ ಅವರ ಸಾಲನ್ನು, ಎಡಗಡೆಯವರು ಅಕ್ಕ-ತಂಗಿಯರ ಸಾಲನ್ನು ಹೇಳಲಿ. ಉಚ್ಚಾರ ತಪ್ಪಿದರೂ ಚಿಂತೆಯಿಲ್ಲ. ಎಡೆ ತಪ್ಪಬಾರದು, ಅಷ್ಟೆ.

ಫಿಲಡೆಲ್ಫಿಯಾದ್ದು ತಂತಿವಾದ್ಯಗಳು ತುಂಬಿದ, ನಯವಾದ ಸೋಲ್. ಕೆನೆತ್ ಗ್ಯಾಂಬಲ್ ಮತ್ತು ಲಿಯಾನ್ ಹಫ್ ‘ಸೋಲ್ ಟ್ರೇನ್’ಗಾಗಿ ಕಟ್ಟಿದ ಶೀರ್ಷಿಕೆ ಸಂಗೀತ ‘ಟಿಎಸ್‌ಒಪಿ’ (‘ದ ಸೌಂಡ್ ಆಫ್ ಫಿಲಡೆಲ್ಫಿಯಾ’) 1974ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದನ್ನು ಮೊದಲರ್ಧದಲ್ಲಿ ಹಾಕದೆ, ಎಲ್ಲರೂ ಎದ್ದು ನಿಲ್ಲುವ ಹೊತ್ತಿಗೆ ಉಳಿಸಿಕೊಳ್ಳಿ.

ಧ್ವನಿ ಮತ್ತು ಚಿತ್ರದ ಏರ್ಪಾಟು

ದುಬಾರಿ ಉಪಕರಣಗಳು ಬೇಕಿಲ್ಲ. ಕಾರಿನ ರೇಡಿಯೊದ ಸಣ್ಣ ಸ್ಪೀಕರಿನಲ್ಲಿಯೂ ಚೆನ್ನಾಗಿ ಕೇಳಬೇಕೆಂದು ಮೋಟೌನ್‌ನವರು ತಮ್ಮ ಹಾಡುಗಳನ್ನು ಅಂಥ ಸ್ಪೀಕರಿನಲ್ಲಿಯೇ ಪರೀಕ್ಷಿಸುತ್ತಿದ್ದರು. 1960ರ ದಶಕದ ಹಾಡುಗಳಿಗೆ ಮೋನೊ ಮುದ್ರಿಕೆ ಸಿಕ್ಕರೆ ಅದನ್ನೇ ಆರಿಸಿಕೊಳ್ಳಿ. ಆ ಕಾಲದ ಸ್ಟೀರಿಯೊದಲ್ಲಿ ಡ್ರಮ್ ಒಂದು ಕಡೆ, ಕಂಠ ಇನ್ನೊಂದು ಕಡೆ ಒಡೆದುಹೋಗಿರುವುದುಂಟು, ಮತ್ತು ಕೋಣೆಯ ಒಂದು ಮೂಲೆಯಲ್ಲಿ ಕುಳಿತವರಿಗೆ ಅರ್ಧ ಹಾಡೇ ಕೇಳುವುದಿಲ್ಲ.

ಹಳೆಯ ಮನೆಗಳ ಕೆಂಪು ಗಾರೆ ನೆಲ ಕುಣಿಯುವುದಕ್ಕೆ ಬಹಳ ಒಳ್ಳೆಯದು, ಕೇಳುವುದಕ್ಕೆ ಅಷ್ಟು ಒಳ್ಳೆಯದಲ್ಲ. ಬರಿಗೋಡೆ, ಬರಿನೆಲದ ನಡುವೆ ಶಬ್ದ ಮಾರ್ದನಿಸುತ್ತದೆ. ಮೊದಲರ್ಧದಲ್ಲಿ ದಪ್ಪನೆಯ ಜಮಖಾನೆ ಹಾಸಿ ಎಲ್ಲರನ್ನೂ ಅದರ ಮೇಲೆ ಕೂರಿಸಿ, ಎರಡನೆಯ ಅರ್ಧಕ್ಕೆ ಅದನ್ನು ಸುತ್ತಿ ಸ್ಪೀಕರುಗಳ ಎದುರು ಗೋಡೆಗೆ ಒರಗಿಸಿಡಿ. ಕಾಲುಚೀಲ ಹಾಕಿಕೊಂಡು ಆ ನೆಲದ ಮೇಲೆ ಯಾರನ್ನೂ ಕುಣಿಯಲು ಬಿಡಬೇಡಿ, ಬರಿಗಾಲೇ ಕ್ಷೇಮ.

ಅಮೆರಿಕದಲ್ಲಿರುವ ಮಕ್ಕಳು ತಂದುಕೊಟ್ಟ ಹಳೆಯ ರೆಕಾರ್ಡ್ ಪ್ಲೇಯರ್ ಇರುವ ಮನೆಗಳು ಈಗ ಮೈಸೂರಿನಲ್ಲಿ ಸಾಕಷ್ಟಿವೆ. ಅದನ್ನು ಬಳಸುವವರು ಒಂದು ವಿಷಯವನ್ನು ಗಮನಿಸಬೇಕು. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಹಾಕಿಬಿಟ್ಟರೆ ಕೆಲಸ ಮುಗಿಯಿತೆಂದು ಅನೇಕರು ತಿಳಿಯುತ್ತಾರೆ, ಆದರೆ ಅಲ್ಲಿನ ವಿದ್ಯುತ್ತು ಸೆಕೆಂಡಿಗೆ 60 ಆವರ್ತನದ್ದು, ನಮ್ಮದು 50ರದ್ದು. ಹಳೆಯ ಕೆಲವು ಪ್ಲೇಯರುಗಳ ಮೋಟಾರು ಈ ಆವರ್ತನವನ್ನೇ ಅನುಸರಿಸಿ ತಿರುಗುವುದರಿಂದ, ನಿಮಿಷಕ್ಕೆ 45 ಸುತ್ತು ತಿರುಗಬೇಕಾದ ತಟ್ಟೆ ಇಲ್ಲಿ 37.5 ಸುತ್ತು ಮಾತ್ರ ತಿರುಗುತ್ತದೆ. ಹಾಡು ಎಳೆದಂತಾಗುತ್ತದೆ, ಶ್ರುತಿ ಕೆಳಗಿಳಿಯುತ್ತದೆ, ಹೆಣ್ಣಿನ ಕಂಠ ಗಂಡಿನದಾಗಿಬಿಡುತ್ತದೆ. ಟ್ರಾನ್ಸ್‌ಫಾರ್ಮರಿನಿಂದ ಇದು ಸರಿಹೋಗುವುದಿಲ್ಲ. ಮೋಟಾರಿನ ತಿರುಗುಗಾಲಿಯನ್ನು 50 ಆವರ್ತನಕ್ಕೆ ತಕ್ಕುದಕ್ಕೆ ಬದಲಾಯಿಸಬೇಕು, ಇಲ್ಲವೇ ಅಡಾಪ್ಟರಿನ ಡಿ.ಸಿ. ವಿದ್ಯುತ್ತಿನಿಂದ ನಡೆಯುವ ಪ್ಲೇಯರ್ ಬಳಸಬೇಕು. ಪರೀಕ್ಷಿಸುವುದು ಸುಲಭ: ತಟ್ಟೆಯ ಅಂಚಿಗೆ ಚಿಕ್ಕ ಕಾಗದದ ಗುರುತು ಅಂಟಿಸಿ ಒಂದು ನಿಮಿಷ ಸುತ್ತುಗಳನ್ನು ಎಣಿಸಿದರೆ ಸಾಕು.

ಹಳೆಯ ಕಾರ್ಯಕ್ರಮದ ತುಣುಕುಗಳನ್ನು ಟಿ.ವಿ.ಯಲ್ಲಿ ತೋರಿಸುವಾಗ ಪರದೆಯ ಅಳತೆಯನ್ನು 4:3ಕ್ಕೆ ಹೊಂದಿಸಿಕೊಳ್ಳಿ. ಈಗಿನ ಅಗಲ ಪರದೆಗೆ ಎಳೆದು ತುಂಬಿಸಿದರೆ ನೀಳವಾದ ಕೈಕಾಲಿನ ನರ್ತಕರೆಲ್ಲ ಕುಳ್ಳಗೆ, ದಪ್ಪಗೆ ಕಾಣುತ್ತಾರೆ, ಮತ್ತು ಅವರ ಕುಣಿತದ ಸೊಗಸಿನ ಅರ್ಧ ಭಾಗ ಇರುವುದೇ ಆ ನೀಳದಲ್ಲಿ. ಎರಡು ಬದಿಯಲ್ಲಿ ಕಪ್ಪು ಪಟ್ಟಿ ಉಳಿದರೆ ಉಳಿಯಲಿ. ಟಿ.ವಿ.ಯ ಧ್ವನಿಯನ್ನು ಬ್ಲೂಟೂತ್ ಸ್ಪೀಕರಿಗೆ ಕೊಡದೆ ವೈರಿನ ಮೂಲಕವೇ ಕೊಡುವುದು ಲೇಸು. ಬ್ಲೂಟೂತಿನಲ್ಲಿ ಧ್ವನಿ ಒಂದಿಷ್ಟು ತಡವಾಗಿ ಬರುವುದುಂಟು. ಮಾತಿನ ಕಾರ್ಯಕ್ರಮದಲ್ಲಿ ಅದು ತಿಳಿಯದೆ ಹೋದರೂ ನೃತ್ಯದಲ್ಲಿ ಹೆಜ್ಜೆಗೂ ಪೆಟ್ಟಿಗೂ ಹೊಂದಿಕೆ ತಪ್ಪಿರುವುದು ಕೂಡಲೇ ಕಾಣುತ್ತದೆ.

ಚಪ್ಪಾಳೆ ಎಲ್ಲಿ ಹಾಕಬೇಕು

ಕುಣಿಸುವುದಕ್ಕೆ ಮೊದಲು ಐದು ನಿಮಿಷವನ್ನು ಚಪ್ಪಾಳೆಗೆ ಕೊಡಿ. ಇದನ್ನು ಬಿಟ್ಟರೆ ಮುಂದಿನದೇನೂ ಕೂಡುವುದಿಲ್ಲ. ಆದಿತಾಳ ಹಾಕಿ ಬೆಳೆದ ಕೈ ಎಂಟು ಎಣಿಕೆಯಲ್ಲಿ ಒಂದು, ಐದು, ಏಳಕ್ಕೆ ಪೆಟ್ಟು ಹಾಕುತ್ತದೆ, ಭಜನೆಯ ಚಪ್ಪಾಳೆಯೂ ಸಾಮಾನ್ಯವಾಗಿ ಮೊದಲ ಎಣಿಕೆಯನ್ನೇ ಹಿಡಿಯುತ್ತದೆ. ಸೋಲ್ ಸಂಗೀತದಲ್ಲಿ ನಾಲ್ಕು ಎಣಿಕೆಯ ಸುತ್ತಿನಲ್ಲಿ ಎರಡಕ್ಕೂ ನಾಲ್ಕಕ್ಕೂ ಚಪ್ಪಾಳೆ ಬೀಳಬೇಕು. ಎಲ್ಲರನ್ನೂ ನಿಲ್ಲಿಸಿ, ಹಾಡಿಲ್ಲದೆಯೇ, ಒಂದಕ್ಕೆ ಬಲಗಾಲು, ಎರಡಕ್ಕೆ ಚಪ್ಪಾಳೆ, ಮೂರಕ್ಕೆ ಎಡಗಾಲು, ನಾಲ್ಕಕ್ಕೆ ಚಪ್ಪಾಳೆ ಎಂದು ನಿಧಾನವಾಗಿ ಮಾಡಿಸಿ. ಕಾಲು ಒಂದು, ಮೂರನ್ನು ನೋಡಿಕೊಳ್ಳುವುದರಿಂದ ಕೈ ಅಲ್ಲಿಗೆ ಓಡುವುದು ನಿಲ್ಲುತ್ತದೆ. ಆಮೇಲೆ ಹಾಡು ಹಾಕಿ. ತಾಳದಲ್ಲಿ ಪಳಗಿದ ಹಿರಿಯರೊಬ್ಬರಿಗೆ ಇದು ಇರುಸುಮುರುಸೆನಿಸಿದರೆ ಅವರಿಗೆ ಜೇಮ್ಸ್ ಬ್ರೌನ್ ಕೇಳಿಸಿ. 1960ರ ದಶಕದ ನಡುವಿನಿಂದ ಅವರು ತಮ್ಮ ವಾದ್ಯಗಾರರೆಲ್ಲ ಮೊದಲ ಎಣಿಕೆಯ ಮೇಲೆ ಒಟ್ಟಾಗಿ ಬೀಳಬೇಕೆಂದು ಕಟ್ಟುನಿಟ್ಟು ಮಾಡಿದವರು. ಎಡುಪ್ಪಿಗೆ, ಅಂದರೆ ತಾಳದಲ್ಲಿ ಹಾಡು ಎತ್ತುವ ಎಡೆಗೆ, ಕಾಯುವ ಕಿವಿಗೆ ಅಲ್ಲಿ ಹಿಡಿತ ಸಿಗುತ್ತದೆ.

ಸಾಲು ಕಟ್ಟುವುದು

ಈಗ ‘ಟಿಎಸ್‌ಒಪಿ’ ಹಾಕಿ. ‘ಸೋಲ್ ಟ್ರೇನ್’ನಲ್ಲಿ ನಿಲ್ಲುತ್ತಿದ್ದ ಹಾಗೆಯೇ ಎಲ್ಲರೂ ಎದುರುಬದುರಾಗಿ ಎರಡು ಸಾಲಾಗಿ ನಿಲ್ಲಲಿ. ನಡುವೆ ಐದಾರು ಅಡಿ ಓಣಿ ಬಿಡಿ, ಉದ್ದ ಹದಿನೈದು ಅಡಿಯಾದರೂ ಇರಲಿ. ಹಜಾರದಲ್ಲಿ ಅಷ್ಟು ಜಾಗವಿಲ್ಲದಿದ್ದರೆ ತಾರಸಿಗೆ ಹೋಗಬಹುದು. ಒಂದು ತುದಿಯಿಂದ ಇಬ್ಬಿಬ್ಬರಾಗಿ ಓಣಿಯೊಳಗೆ ಕುಣಿಯುತ್ತ ಬಂದು, ಇನ್ನೊಂದು ತುದಿಯಲ್ಲಿ ಬೇರೆಯಾಗಿ ತಮ್ಮ ತಮ್ಮ ಸಾಲಿನ ಕೊನೆಗೆ ಸೇರಿಕೊಳ್ಳಬೇಕು. ಒಂದು ಜೋಡಿಗೆ 32 ಎಣಿಕೆ ಸರಿಯಾದ ಅಳತೆ. ನಿಮಿಷಕ್ಕೆ 110 ಎಣಿಕೆಯ ಹಾಡಿನಲ್ಲಿ ಅದು ಸುಮಾರು 17 ಸೆಕೆಂಡಿಗೆ ಮುಗಿಯುತ್ತದೆ. ಹನ್ನೆರಡು ಜನರಿದ್ದರೆ ಒಂದು ಸುತ್ತಿಗೆ ಎರಡು ನಿಮಿಷವೂ ಹಿಡಿಯುವುದಿಲ್ಲ, ಮೂರೂವರೆ ನಿಮಿಷದ ಹಾಡಿಗೆ ಎಲ್ಲರಿಗೂ ಎರಡು ಸರದಿ ಸಿಗುತ್ತದೆ. ಮೊದಲ ಸರದಿಯಲ್ಲಿ ನಾಚಿಕೊಂಡವರೇ ಎರಡನೆಯದರಲ್ಲಿ ಕೈಯೆತ್ತುವುದನ್ನು ನಾನು ಪ್ರತಿ ಸಲವೂ ಕಂಡಿದ್ದೇನೆ, ಆದ್ದರಿಂದ ಎರಡು ಸುತ್ತಿಗೆ ಸಾಲದಷ್ಟು ಚಿಕ್ಕ ಹಾಡನ್ನು ಇಲ್ಲಿ ಆರಿಸಬೇಡಿ.

ಬದಿಯಲ್ಲಿ ನಿಂತವರ ಕೆಲಸವೂ ದೊಡ್ಡದೇ. ಅವರು ಎರಡು, ನಾಲ್ಕಕ್ಕೆ ಚಪ್ಪಾಳೆಯನ್ನು ಬಿಡದೆ ನಡೆಸಬೇಕು, ಬಂದವರ ಹೆಸರು ಹಿಡಿದು ಕೂಗಬೇಕು. ಮೊಬೈಲಿನಲ್ಲಿ ಚಿತ್ರ ಹಿಡಿಯುವ ಕೆಲಸವನ್ನು ಒಬ್ಬರಿಗೇ ವಹಿಸಿ. ಎಲ್ಲರ ಕೈಯಲ್ಲೂ ಮೊಬೈಲ್ ಬಂದರೆ ಚಪ್ಪಾಳೆ ನಿಂತುಹೋಗುತ್ತದೆ. ತಾತ, ಅಜ್ಜಿಯರಿಗೆ ಓಣಿಯ ತುದಿಯಲ್ಲಿ, ಬರುವವರಿಗೆ ಎದುರಾಗಿ ಕುರ್ಚಿ ಹಾಕಿ. ಅವರು ಓಣಿಯೊಳಗೆ ಬರಲು ಮನಸ್ಸು ಮಾಡಿದರೆ ಲಯಕ್ಕೆ ಸರಿಯಾಗಿ ನಡೆದು ಹೋದರೂ ಸಾಕು, ಏಕೆಂದರೆ ಈ ಸಾಲಿನ ಮೂಲವೇ 1950ರ ದಶಕದ ‘ಸ್ಟ್ರೋಲ್’ ಎಂಬ, ಹೆಚ್ಚುಕಡಿಮೆ ನಡಿಗೆಯೇ ಆದ ಕುಣಿತ.

ಹೆಜ್ಜೆ ಕಲಿಯಬೇಕೆನ್ನುವ ಹುಡುಗರಿಗೆ ಲಾಕಿಂಗ್ ಒಂದನ್ನು ಹೇಳಿಕೊಡಿ. ಲಾಸ್ ಏಂಜಲಿಸ್‌ನ ಡಾನ್ ಕ್ಯಾಂಬೆಲ್ ರೂಪಿಸಿದ ಈ ಶೈಲಿ ‘ಸೋಲ್ ಟ್ರೇನ್’ನಿಂದ ಮನೆಮಾತಾಯಿತು. ವೇಗವಾಗಿ ಚಲಿಸುತ್ತಿರುವ ಕೈಯೋ ಮೊಣಕಾಲೋ ಒಮ್ಮೆಗೇ ಬೀಗ ಬಿದ್ದಂತೆ ನಿಲ್ಲಬೇಕು, ಒಂದು ಎಣಿಕೆ ಹಾಗೆಯೇ ಇದ್ದು, ಮತ್ತೆ ಸಡಿಲಾಗಿ ಹರಿಯಬೇಕು. ನಿಲ್ಲುವುದನ್ನು ಸ್ನೇರ್ ಡ್ರಮ್ಮಿನ ಪೆಟ್ಟಿಗೆ ಹೊಂದಿಸುವುದೇ ಇದರ ಗುಟ್ಟು. ಆ ಕಾರ್ಯಕ್ರಮದ ನೆಲದಿಂದ ಹೊರಟ ಚಲನೆಗಳು ನಮ್ಮ ಊರಿನವರೆಗೂ ಬಂದಿವೆಯೆಂಬುದನ್ನು ಈ ಹೊತ್ತಿನಲ್ಲಿ ಹೇಳಿದರೆ ಕೇಳುವವರ ಕಣ್ಣು ಅರಳುತ್ತದೆ. 1973ರಲ್ಲಿ ಹದಿಹರೆಯದ ಮೈಕೇಲ್ ಜಾಕ್ಸನ್ ಅಣ್ಣಂದಿರೊಡನೆ ಬಂದು ರೋಬೋ ಕುಣಿತ ಮಾಡಿದ್ದು ‘ಸೋಲ್ ಟ್ರೇನ್’ನಲ್ಲಿ. 1983ರಲ್ಲಿ ಜಗತ್ತು ಬೆರಗಾಗಿ ನೋಡಿದ ಅವರ ಹಿಂಜಾರು ನಡಿಗೆಯನ್ನು (‘ಮೂನ್‌ವಾಕ್’) ಅವರಿಗೆ ಕಲಿಸಿದವರಲ್ಲಿ ಒಬ್ಬರು ಆ ಕಾರ್ಯಕ್ರಮದ ನರ್ತಕ ಜೆಫ್ರಿ ಡೇನಿಯಲ್. ಆ ಜಾಕ್ಸನ್ ಅವರ ನೃತ್ಯವನ್ನು ಕಂಡು ಮನಸೋತು, ಭರತನಾಟ್ಯ ಕಲಿತ ಮೈಯಲ್ಲಿ ಅದನ್ನು ತನ್ನದಾಗಿಸಿಕೊಂಡ ಪ್ರಭುದೇವ 1973ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಅವರ ತಂದೆ, ನೃತ್ಯ ನಿರ್ದೇಶಕ ಮೂಗೂರು ಸುಂದರ್ ಅವರ ಊರು ತಿ. ನರಸೀಪುರ ತಾಲ್ಲೂಕಿನ ಮೂಗೂರು.

ಆಟ, ನಿರೂಪಣೆ, ಉಡುಪು

ಕುಣಿದು ದಣಿದವರು ಕೂರುವ ಹೊತ್ತಿಗೆ ‘ಸ್ಕ್ರ್ಯಾಂಬಲ್ ಬೋರ್ಡ್’ ಆಡಿಸಿ. ‘ಸೋಲ್ ಟ್ರೇನ್’ನಲ್ಲಿ ಇಬ್ಬರು ನರ್ತಕರಿಗೆ ಒಂದು ನಿಮಿಷ ಕೊಟ್ಟು, ಚೆಲ್ಲಾಪಿಲ್ಲಿಯಾದ ಅಕ್ಷರಗಳಿಂದ ಕಲಾವಿದರ ಹೆಸರು ಜೋಡಿಸಲು ಹೇಳುತ್ತಿದ್ದರು. ಕನ್ನಡದಲ್ಲಿ ಚೀಟಿ ಬರೆಯುವಾಗ ಒತ್ತು, ಗುಣಿತಗಳನ್ನು ಬಿಡಿಸದೆ ಪೂರ್ಣಾಕ್ಷರವನ್ನೇ ಒಂದು ಚೀಟಿಗೆ ಬರೆಯಿರಿ: ಗಾಯಕ ಸ್ಟೀವಿ ವಂಡರ್ ಹೆಸರಿಗೆ ‘ಸ್ಟೀ’, ‘ವಿ’, ‘ವಂ’, ‘ಡ’, ‘ರ್’ ಎಂದು ಐದು ಚೀಟಿ. ಅರೀತಾ ಫ್ರ್ಯಾಂಕ್ಲಿನ್ ಹೆಸರಿನ ‘ಫ್ರ್ಯಾಂ’ ಚೀಟಿ ಕಂಡೊಡನೆ ಉತ್ತರ ಹೊಳೆದುಬಿಡುವುದರಿಂದ ಅದು ಮಕ್ಕಳ ಸರದಿಗಿರಲಿ.

ಪ್ರತಿ ಹಾಡಿಗೂ ಮೊದಲು ಒಬ್ಬರು ಎದ್ದು ನಿಂತು ಮೂರು ವಾಕ್ಯಗಳಲ್ಲಿ ಹಾಡಿನ ಊರು, ವರ್ಷ, ಕೇಳಬೇಕಾದ ಒಂದು ಅಂಶ ಹೇಳಬೇಕು. ಕಾರ್ನೀಲಿಯಸ್ ಅವರ ಗಂಭೀರವಾದ, ಅವಸರವಿಲ್ಲದ ನಿರೂಪಣೆ ಆ ಕಾರ್ಯಕ್ರಮದ ಜೀವಾಳವಾಗಿತ್ತು. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಸ್ವಂತ ಮನೆಯಿಂದಲೇ ಆಕಾಶವಾಣಿ ನಡೆಸಿದ ಊರಿನಲ್ಲಿ ಮನೆಯ ನಿರೂಪಣೆಗೆ ಅಂಜುವ ಅಗತ್ಯವಿಲ್ಲ.

ಉಡುಪಿನ ವಿಷಯದಲ್ಲಿ ನನ್ನದೊಂದು ಕೋರಿಕೆಯಿದೆ. ಬೆಲ್ ಬಾಟಮ್, ಅಗಲ ಕಾಲರಿನ ಅಂಗಿ, ಮೈಸೂರು ರೇಷ್ಮೆಯ ಹೊಳಪಿನ ಸೀರೆ ಎಲ್ಲವೂ ಬರಲಿ, ಆದರೆ ಗುಂಗುರು ಕೂದಲಿನ ವಿಗ್ ಬೇಡ. ಕಪ್ಪು ಅಮೆರಿಕನ್ನರಿಗೆ ಆ ಕೂದಲನ್ನು ಸಹಜವಾಗಿ ಬೆಳೆಯಬಿಡುವುದು ಅಂದು ಸ್ವಾಭಿಮಾನದ ಘೋಷಣೆಯಾಗಿತ್ತು. ಅದನ್ನು ವೇಷ ಮಾಡಿಕೊಳ್ಳುವುದು ತರವಲ್ಲ.

ತಿಂಡಿಗೆ ಚುರುಮುರಿ, ಕಾಫಿ ಸಾಕು; ಎಣ್ಣೆಗೈಯಲ್ಲಿ ರೆಕಾರ್ಡ್ ಮುಟ್ಟದಂತೆ ನೋಡಿಕೊಳ್ಳಿ. ರಾತ್ರಿ 10ರ ನಂತರ ಧ್ವನಿವರ್ಧಕ ಬಳಸಲು ಕಾನೂನಿನ ಅಡ್ಡಿಯಿದೆ, ಹಾಗಾಗಿ 6ಕ್ಕೆ ಆರಂಭಿಸಿ 8.30ಕ್ಕೆ ಮುಗಿಸುವುದು ಸರಿ. ಮಾರ್ಚಿಯಲ್ಲಿ ಅಕ್ಕಪಕ್ಕದ ಮನೆಯ ಮಕ್ಕಳು ಪರೀಕ್ಷೆಗೆ ಓದುತ್ತಿರುತ್ತಾರೆ, ಆ ತಿಂಗಳು ಬಿಡಿ. ಕೊನೆಯ ಎರಡು ಹಾಡುಗಳು ನಿಧಾನವಾಗಿರಲಿ. ಮೆಂಫಿಸ್‌ನ ಅಲ್ ಗ್ರೀನ್ ಅವರ ಮೆಲುದನಿ ಅದಕ್ಕೆ ಚೆನ್ನಾಗಿ ಹೊಂದುತ್ತದೆ.

ಅತಿಥಿಗಳು ಹೋದ ಮೇಲೆ ಸಾಮಗ್ರಿಯನ್ನು ಸರಿಯಾಗಿ ಎತ್ತಿಡುವ ಕೆಲಸ ಉಳಿಯುತ್ತದೆ. ರೆಕಾರ್ಡುಗಳನ್ನು ಒಂದರ ಮೇಲೊಂದು ಪೇರಿಸದೆ ನೇರವಾಗಿ ನಿಲ್ಲಿಸಿ, ಬಿಸಿಲು ಬೀಳದ ಕಡೆ ಇಡಿ. ಮೆತ್ತನೆಯ ಒಣಬಟ್ಟೆಯಲ್ಲಿ ಗೆರೆಗಳ ಸುತ್ತಿನ ಗುಂಟವೇ ಒರಸಬೇಕು, ಅಡ್ಡಲಾಗಿ ಒರಸಬಾರದು. ಕ್ಯಾಸೆಟ್ಟುಗಳಿಗೆ ನಮ್ಮ ಮಳೆಗಾಲದ ತೇವವೇ ಶತ್ರು, ಬಿಳಿಯ ಬೂಷ್ಟು ಟೇಪಿನ ಅಂಚಿನಿಂದ ಹಿಡಿಯಲು ಆರಂಭಿಸುತ್ತದೆ. ಬೂಷ್ಟು ಹಿಡಿದದ್ದನ್ನು ಒಳ್ಳೆಯ ಪ್ಲೇಯರಿಗೆ ಹಾಕಿದರೆ ಮುಂದಿನ ಕ್ಯಾಸೆಟ್ಟಿಗೂ ಅದು ಹರಡುವುದರಿಂದ ಅಂಥವನ್ನು ಬೇರೆಯಾಗಿಡಿ. ಉಳಿದವನ್ನು ಮೇ ತಿಂಗಳಲ್ಲಿ ಒಮ್ಮೆ ಕೊನೆಯವರೆಗೆ ಓಡಿಸಿ, ಹಿಂದಕ್ಕೆ ಸುತ್ತಿ, ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿಡಿ. ಟೇಪಿನ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರಸಿ, ಪೂರ್ತಿ ಒಣಗಿದ ಮೇಲೆಯೇ ಮುಂದಿನ ಕ್ಯಾಸೆಟ್ ಹಾಕಿ.